ಹೆಂಗಸರು ದಾಟದ ಬಾಗಿಲು

ದೋರೋಗಾವಾ
ಜುಲೈ ೧೦, ೧೯೮೪

ನನ್ನ ಮುದ್ದಿನ ಮಾಸುಯೆ,

ನಿನ್ನ ಕಾಗದ, ಅದರ ಜೊತೆ ಕಳಿಸಿದ ಸಿಹಿಯ ಪೆಟ್ಟಿಗೆ, ಎರಡೂ ಶುಕ್ರವಾರವೇ ಕೈಸೇರಿದವು. ಕೆಂಪು ಕಾಳಿನ ಹೂರಣದ ಸಿಹಿ ನನಗಿಷ್ಟ ಅಂತ ಇಷ್ಟು ಕಷ್ಟದಲ್ಲೂ ನೆನಪಿಟ್ಟಿದ್ದೀಯಲ್ಲ. ಪೆಟ್ಟಿಗೆಯನ್ನು ಬುದ್ಧನ ಮುಂದಿಟ್ಟೆ. ಐದು ದಿನವಾಯಿತು, ಒಂದನ್ನೂ ಬಾಯಿಗಿಡಲು ಆಗಿಲ್ಲ. ಇವತ್ತು ನೋಡಿದರೆ ಬೂಷ್ಟು ಹಿಡಿಯುತ್ತಿದೆ.

"ಭಾವ ಇಲ್ಲದಿದ್ದರೆ ನಾನಿವತ್ತು ವಿಧವೆ. ಅವರ ಮುಂದೆ ನನ್ನ ಪರವಾಗಿ ತಲೆಬಾಗು ಅಕ್ಕ" ಅಂತ ಬರೆದಿದ್ದೀ. ನಾನು ತಲೆಬಾಗಲಿಲ್ಲ, ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಲೂ ಇಲ್ಲ. ಇಳಿಯುವಾಗ ಮೂತ್ರಕ್ಕೆಂದು ದಾರಿ ಬಿಟ್ಟು ಹೋದೆ, ಕಾಲು ಜಾರಿತು, ಅಣ್ಣ ಇಳಿದು ಬಂದು ಕಾಪಾಡಿದರು ಅಂತ ನಿನ್ನ ಗಂಡ ಶಿಗೆಯೊ ನಿನಗೆ ಹೇಳಿದ್ದಾನೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ ನಾನು ಬರೆಯಬೇಕು. ನಿನಗೆ ಹೇಳುವುದಿಲ್ಲ ಅಂತ ಅವನಿಗೆ ಮಾತು ಕೊಟ್ಟಿದ್ದೆ. ಆದರೆ ನಿನ್ನ ಕೃತಜ್ಞತೆ ಹೊತ್ತುಕೊಂಡು ಬದುಕುವ ಶಕ್ತಿ ನನಗಿಲ್ಲ ಕಣೆ.

ನಿನ್ನ ಭಾವನ ತಲೆ ಸರಿಯಿಲ್ಲ. ಈ ಮಾತನ್ನು ಕಾಗದದ ಮೇಲೆ ಬರೆದದ್ದು ಇದೇ ಮೊದಲು.

ಶುರುವಾದದ್ದು ಹೋದ ಚಳಿಗಾಲದಲ್ಲಿ. ಬೆಳಗಿನ ಸೂತ್ರಪಠಣ ಅವರು ನಲವತ್ತು ವರ್ಷದಿಂದ ತಪ್ಪಿಸಿದವರಲ್ಲ, ನಿನಗೇ ಗೊತ್ತು. ನಾನು ಹಿಂದೆ ಕೂತು ಕೇಳುತ್ತೇನೆ, ಮುಗಿದ ಮೇಲೆ ಚಹಾ ಕೊಡುತ್ತೇನೆ. ಜನವರಿಯ ಒಂದು ದಿನ ಪಠಣ ಮುಗಿಯಲೇ ಇಲ್ಲ. ಮುಕ್ಕಾಲು ಭಾಗಕ್ಕೆ ಬಂದು ಒಂದು ಸಾಲಿನಲ್ಲಿ ಹೊರಳಿ ಮತ್ತೆ ಮೊದಲಿನಿಂದ. ಮತ್ತೆ ಅದೇ ಸಾಲು, ಮತ್ತೆ ಮೊದಲಿನಿಂದ. ದನಿಯಲ್ಲಿ ಏನೂ ವ್ಯತ್ಯಾಸವಿಲ್ಲ, ಅದೇ ಗಂಭೀರ ದನಿ. ಚಹಾ ತಣ್ಣಗಾಯಿತು. ಗಾಣದೆತ್ತಿನ ಹಾಗೆ ಒಬ್ಬ ಮನುಷ್ಯ ತನ್ನೊಳಗೇ ಸುತ್ತುವುದನ್ನು ಹಿಂದಿನಿಂದ ನೋಡುತ್ತಾ ಕೂರುವುದು ಎಂಥ ಭಯ, ಹೇಗೆ ಹೇಳಲಿ. ಕೊನೆಗೆ ಭುಜ ಮುಟ್ಟಿದೆ. ತಿರುಗಿ, "ಏನು, ಮುಗೀತಾ?" ಅಂತ ನನ್ನನ್ನೇ ಕೇಳಿದರು.

ಫೆಬ್ರವರಿಯಲ್ಲಿ ಹಿಮ ಬೀಳುತ್ತಿರುವಾಗ ಬೀದಿಗಳು ಕೂಡುವಲ್ಲಿ ನಿಂತುಬಿಟ್ಟಿದ್ದರಂತೆ, ಮನೆ ಯಾವುದೆಂದು ತಿಳಿಯದೆ. ಚಹಾದಂಗಡಿಯ ತಾಮೆಗೊರೊ ಕೈಹಿಡಿದು ಕರೆತಂದ. "ಏನು ಅತ್ತಿಗೆ, ಗುರುಗಳು ಒಂದ್ ಲೋಟ ಜಾಸ್ತಿ ಹಾಕಿದಾರಾ?" ಅಂದ. "ಹೂಂನಪ್ಪ, ಈಚೆಗೆ ಅದೊಂದು ಅಭ್ಯಾಸವಾಗಿದೆ" ಅಂದೆ. ತುಟಿಗೆ ಸಾಕೆ ಸೋಕಿಸದ ಗಂಡನನ್ನು ಊರ ಬಾಯಲ್ಲಿ ಕುಡುಕ ಮಾಡಿದವಳು ನಾನು. ಕುಡುಕ ಅಂದರೆ ಊರು ನಗುತ್ತದೆ, ಮರುದಿನ ಮರೆಯುತ್ತದೆ. ಇದನ್ನು ಹೇಳಿದರೆ? ಮೂರು ತಲೆಮಾರಿನಿಂದ ಯಾತ್ರಿಕರನ್ನು ಬೆಟ್ಟಕ್ಕೆ ಹತ್ತಿಸಿದ ಮನೆ. ಇವರು, ಕನ್ಸುಕೆ ಗುರುಗಳು, ಮುಂದೆ ನಡೆಯುತ್ತಾರೆ ಅಂತಲೇ ಒಸಾಕಾದಿಂದ, ಸಕಾಯಿಯಿಂದ ಗಂಡಸರು ನಮ್ಮಲ್ಲಿ ಇಳಿಯುವುದು. ಅದೂ ಇರಲಿ. ಬಾಯಿಬಿಟ್ಟು ಹೇಳಿದ ಕ್ಷಣ ಅದು ನಿಜವಾಗಿಬಿಡುತ್ತದೆ ಅನ್ನುವ ಭಯವೇ ದೊಡ್ಡದು.

ಮೇ ತಿಂಗಳಲ್ಲಿ ಯಾತ್ರೆಗೆ ಬೆಟ್ಟದ ಬಾಗಿಲು ತೆರೆದ ಮೇಲೆ ನಾಲ್ಕು ಸಲ ಹತ್ತಿ ನಾಲ್ಕು ಸಲವೂ ಸರಿಯಾಗಿ ಇಳಿದು ಬಂದರು. ತಲೆ ಮರೆತರೂ ಕಾಲು ಮರೆತಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಬೆಟ್ಟ ಅವರನ್ನು ನೋಡಿಕೊಳ್ಳುತ್ತದೆ, ಗೊಂಗೆನ್ ದೇವರು ನೋಡಿಕೊಳ್ಳುತ್ತಾನೆ ಅಂದುಕೊಂಡೆ.

ಜೂನ್ ಹದಿನೇಳರ ಭಾನುವಾರ ಶಿಗೆಯೊನ ಯಾತ್ರೆಯ ಕೂಟ ಬಂತು, ಅವನೂ ಸೇರಿ ಎಂಟು ಜನ. ಆ ಬೆಳಿಗ್ಗೆ ನಿನ್ನ ಭಾವ ಚೆನ್ನಾಗಿದ್ದರು. ಎರಡು ಬಟ್ಟಲು ಗಂಜಿ ಉಂಡರು, ನಿನ್ನ ಮಂಡಿನೋವಿನ ಬಗ್ಗೆ ಶಿಗೆಯೊನ ಹತ್ತಿರ ವಿಚಾರಿಸಿದರು. ಇಲ್ಲದಿದ್ದರೆ ಕಳಿಸುತ್ತಿದ್ದೆನೇ? ಎಲ್ಲರೂ ಬಿಳಿ ಉಡುಪು ತೊಟ್ಟು ಹೊಸ್ತಿಲಲ್ಲಿ ನಿಂತಿದ್ದರು. ಶಿಗೆಯೊನ ಬಾಯಿ ಸುಮ್ಮನಿರುತ್ತದೆಯೇ! "ಅತ್ತಿಗೆ, ಹೋದ್ ವರ್ಷ ಇಣುಕುಬಂಡೆಯಿಂದ ನನ್ನ ತಲೆಕೆಳಗೆ ಇಳಿಬಿಟ್ಟು, 'ಹೆಂಡ್ತಿ ಮೇಲೆ ರೇಗ್ತೀಯಾ?' ಅಂತ ಅಣ್ಣ ಕೇಳಿದ್ರು. 'ರೇಗಲ್ಲ' ಅಂತ ಕಿರುಚೋವರ್ಗೂ ಮೇಲಕ್ಕೆ ಎಳ್ಕೊಳ್ಳಲೇ ಇಲ್ಲ. ಮಾಸುಯೆನೇ ಹೇಳಿಕೊಟ್ಟಿರಬೇಕು!" ಅಂದ. ತಪ್ಪೊಪ್ಪಿಗೆಗೆ ಯಾತ್ರಿಕರನ್ನು ಪ್ರಪಾತದ ಮೇಲೆ ಇಳಿಬಿಡುವುದು ಬೆಟ್ಟದ ಪದ್ಧತಿಯೇ ಆದರೂ ಎಲ್ಲ ನಕ್ಕರು. ಶಂಖ ಊದಿ ಹೊರಟರು.

ಮಧ್ಯಾಹ್ನ ಎರಡಕ್ಕೆ ನಾನು ಎಂದಿನಂತೆ ಬಾರ್ಲಿ ಚಹಾ ತೆಗೆದುಕೊಂಡು ಬೆಟ್ಟದ ಬಾಗಿಲ ಹತ್ತಿರ ಹೋದೆ. ನೀನು ಮದುವೆಗೆ ಮುಂಚೆ ನನ್ನ ಜೊತೆ ಬಂದು ಅದರ ಮುಂದೆ ನಿಂತು, "ಇಲ್ಲಿಂದಾಚೆ ಹೆಂಗಸರಿಗೆ ಪ್ರವೇಶವಿಲ್ಲ" ಅನ್ನುವ ಹಲಗೆಗೆ ನಾಲಗೆ ಚಾಚಿದ್ದೆ, ನಾನು ನಿನ್ನ ಕಿವಿ ಹಿಂಡಿದ್ದೆ. ಅದೇ ಬಾಗಿಲು. ಬೆಟ್ಟ ಕಾಣುತ್ತಿರಲಿಲ್ಲ. ಮಂಜು ಮರಗಳ ಮೊಣಕಾಲಿನವರೆಗೆ ಇಳಿದಿತ್ತು.

ಎರಡೂವರೆಗೆ ಏಳು ಜನ ಇಳಿದು ಬಂದರು. ಮುಂದಿದ್ದವನು ಮೀನಂಗಡಿಯ ಇವಾಮೊತೊ. ನನ್ನನ್ನು ನೋಡಿ, "ಗುರುಗಳೂ ಶಿಗೆಯೊನೂ ಎಲ್ಲಿ? ನಮಗಿಂತ ಮುಂದೆ ಇದ್ರಲ್ಲ!" ಅಂದ. ಶಿಖರದ ಗುಡಿ ಬಿಟ್ಟ ಮೇಲೆ ಮಂಜು ಕವಿದು ಮುಂದಿನವರು ಕಾಣದಾಗಿ, ಇವರು ಇನ್ನೊಂದು ಕೂಟದ ಬೆನ್ನು ಹಿಡಿದು ಇಳಿದಿದ್ದರು.

ಯಾರಿಗೂ ಗಾಬರಿಯಿಲ್ಲ. "ಅವರು ಕಣ್ಣು ಮುಚ್ಕೊಂಡು ನಡೆದ್ರೂ ದಾರಿ ತಪ್ಪಲ್ಲ, ಬಿಡಿ" ಅಂತ ಒಬ್ಬ. "ಶಿಗೆಯೊ ಎಲ್ಲೋ ಬಂಡೆ ಮೇಲೆ ಕೂತು ಕತೆ ಹೊಡೀತಿದಾನೆ" ಅಂತ ಇನ್ನೊಬ್ಬ. ಬಾಗಿಲ ಪಕ್ಕದ ತಾಮೆಗೊರೊನ ಅಂಗಡಿಯಲ್ಲಿ ಕೂತು ಕಾಲಿನ ಪಟ್ಟಿ ಬಿಚ್ಚಿದರು. ನಾನು ಚಹಾ ಬಗ್ಗಿಸಿದೆ. ಆಗ ಇವಾಮೊತೊ ನಗುತ್ತಾ ಹೇಳಿದ: "ಇವತ್ತು ಶಿಗೆಯೊಗೆ ಸರಿಯಾಗಿ ಆಯ್ತಮ್ಮ. ಇಣುಕುಬಂಡೆಯಿಂದ ಇಳಿಬಿಟ್ಟು 'ಹೆಂಡ್ತಿ ಮೇಲೆ ರೇಗ್ತೀಯಾ?' ಅಂದ್ರು. 'ಇಲ್ಲ' ಅಂದ. ಮತ್ತೆ 'ಹೆಂಡ್ತಿ ಮೇಲೆ ರೇಗ್ತೀಯಾ?' ಅಂದ್ರು. 'ಇಲ್ಲ ಅಣ್ಣಾ' ಅಂದ. ಮತ್ತೆ ಅದೇ! ಹದಿನೈದು ಸಲನೋ ಇಪ್ಪತ್ತು ಸಲನೋ! ಅವನು ಕೆಳಗೆ ಅಳೋಕೆ ಶುರು ಮಾಡಿದ. ನಾವು ಕಾಲು ಹಿಡ್ಕೊಂಡೋರು ನಕ್ಕೂ ನಕ್ಕೂ ಸುಸ್ತು. ಕೊನೆಗೆ ನಾವೇ ಎಳ್ಕೊಂಡ್ವಿ. ಗುರುಗಳ ಮುಖ ನೋಡ್ಬೇಕಿತ್ತು, ಒಂಚೂರೂ ನಗು ಇಲ್ಲ!"

ಮಾಸುಯೆ, ನಾನೂ ನಕ್ಕೆ. ಕೈಯಲ್ಲಿದ್ದ ಕೆಟಲಿನ ಮುಚ್ಚಳ ಟಕಟಕ ಅನ್ನುತ್ತಿತ್ತು. ಅದನ್ನು ಒತ್ತಿ ಹಿಡಿದುಕೊಂಡು ನಕ್ಕೆ.

ಅಲ್ಲೇ, ಆಗಲೇ ಹೇಳಬೇಕಿತ್ತು. ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಇನ್ನು ಹತ್ತು ನಿಮಿಷಕ್ಕೆ ಬಂದುಬಿಡುತ್ತಾರೆ, ಆಗ ಹೇಳಿದ್ದು ದಂಡವಾಗುತ್ತದೆ, ಮಾನ ಹೋದದ್ದೇ ಉಳಿಯುತ್ತದೆ ಅಂತ ಲೆಕ್ಕ ಹಾಕಿದೆ. ಹತ್ತು ನಿಮಿಷವಾಯಿತು, ಮತ್ತೆ ಹತ್ತು ನಿಮಿಷ ಅಂದುಕೊಂಡೆ. ಹೀಗೇ ಐದು ಗಂಟೆಯಾಯಿತು. ನಿನ್ನ ಗಂಡ ಅಷ್ಟು ಹೊತ್ತೂ ಮುರಿದ ಕಾಲಿನಲ್ಲಿ ಬಿದ್ದಿದ್ದ. ನಾನು ಲೋಟ ತೊಳೆಯುತ್ತಿದ್ದೆ.

ಐದಕ್ಕೆ ಶಂಖ ಕೇಳಿಸಿತು. ಎಲ್ಲರೂ "ಬಂದ್ರು, ಬಂದ್ರು" ಅಂತ ಎದ್ದರು. ಆದರೆ ದನಿ ಬಂದದ್ದು ದಾರಿಯ ಕಡೆಯಿಂದಲ್ಲ, ಎಡಗಡೆಯ ಕಣಿವೆಯ ಆಳದಿಂದ. ತಾಮೆಗೊರೊ "ಮಂಜಿನಲ್ಲಿ ಮಾರ್ದನಿ ಹಾಗೇ, ಎಲ್ಲಿಂದಲೋ ಕೇಳ್ಸತ್ತೆ" ಅಂದ. ಮಾರ್ದನಿಯಲ್ಲ ಅಂತ ನನಗೆ ಗೊತ್ತಾಯಿತು. ಆ ಕಣಿವೆಯಲ್ಲಿ ಮಾವನವರ ಕಾಲದ ಹಳೆಯ ದಾರಿಯಿತ್ತು. ಇಪ್ಪತ್ತೈದು ವರ್ಷದ ಹಿಂದಿನ ತುಫಾನಿನಲ್ಲಿ ಗುಡ್ಡ ಕುಸಿದು, ಮರದ ಸೇತುವೆ ಕೊಚ್ಚಿಹೋಗಿ, ಯಾರೂ ತುಳಿಯದ ದಾರಿ. ನಿನ್ನ ಭಾವ ಚಳಿಗಾಲವಿಡೀ ಅದರ ಮಾತೇ ಆಡುತ್ತಿದ್ದರು, ನಿನ್ನೆ ಮೊನ್ನೆ ನಡೆದು ಬಂದವರ ಹಾಗೆ.

ಯಾವಾಗ ಎದ್ದೆನೋ ನನಗೇ ತಿಳಿಯದು. "ಅತ್ತಿಗೆ! ನಿಲ್ಲಿ! ಏನ್ ಮಾಡ್ತಿದೀರಾ!" ಅಂತ ತಾಮೆಗೊರೊ ಕೂಗಿದಾಗ ನೋಡಿಕೊಂಡರೆ ನಾನು ಬಾಗಿಲ ಆಚೆ ನಿಂತಿದ್ದೆ. ಹಲಗೆಯ ಹಿಂಭಾಗ ಹೇಗಿದೆ ಅಂತ ಈ ಐವತ್ತೊಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ಅದರ ಮೇಲೆ ಏನೂ ಬರೆದಿಲ್ಲ, ಬರೀ ಪಾಚಿ. ಅಲ್ಲಿಂದ ತಿರುಗಿ ಕಿರುಚಿದೆ: "ಅವರಿಗೆ ಅರಳುಮರಳು! ಹಳೇ ದಾರೀಲಿ ಹೋಗಿದಾರೆ! ಸೇತುವೆ ಇಲ್ಲ ಅಂತ ಅವರಿಗೆ ಗೊತ್ತಿಲ್ಲ!"

ಇವಾಮೊತೊ ಮೆಲ್ಲಗೆ, "ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?" ಅಂದ. ಆಮೇಲೆ ಹಗ್ಗ, ಕೊಡಲಿ ತೆಗೆದುಕೊಂಡು ಎಲ್ಲರೂ ನನ್ನನ್ನು ದಾಟಿ ಓಡಿದರು. ನಾನು ಹಿಂದೆ ಹೋದೆ. ತಡೆಯಲು ಯಾರಿಗೂ ಪುರುಸೊತ್ತಿರಲಿಲ್ಲ.

ಹೆಂಗಸು ಕಾಲಿಟ್ಟರೆ ದೇವರು ಮುನಿಯುತ್ತಾನೆ ಅಂತ ಅಮ್ಮ ಹೇಳುತ್ತಿದ್ದಳಲ್ಲ. ಒಂದೊಂದು ಹೆಜ್ಜೆಗೂ ಏನೋ ಆಗುತ್ತದೆ ಅಂತ ಕಾಯುತ್ತಾ ನಡೆದೆ. ಸಿಡಿಲು ಬಡಿಯಲಿಲ್ಲ. ಅದೇ ದೇವದಾರು, ಅದೇ ಒದ್ದೆ ಎಲೆಯ ವಾಸನೆ, ನಮ್ಮ ಹಿತ್ತಲಿನ ಕಾಡಿನ ಹಾಗೆಯೇ. ಅದಕ್ಕೇ ಇನ್ನಷ್ಟು ಭಯವಾಯಿತು. ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲ ಅನ್ನಿಸಿಬಿಟ್ಟಿತು.

ಬೆಳಕು ಆರುವ ಮುನ್ನ ಸಿಕ್ಕರು. ಗುಡ್ಡ ಕುಸಿದ ಜಾಗದಲ್ಲಿ, ಎರಡಾಳು ಆಳದ ಕೊರಕಲಿನ ತಳದಲ್ಲಿ. ಶಿಗೆಯೊನ ಕಾಲಿಗೆ ಊರುಗೋಲು ಕೊಟ್ಟು ಬಿಳಿ ಬಟ್ಟೆ ಹರಿದು ಕಟ್ಟಿತ್ತು, ಒಂದೇ ಒಂದು ಗಂಟೂ ಸಡಿಲವಿರಲಿಲ್ಲ. ನಿನ್ನ ಭಾವ ತಮ್ಮ ಅಂಗಿ ಅವನಿಗೆ ಹೊದಿಸಿ, ಬರಿಮೈಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಆ ಕೈಗಳು ಏನನ್ನೂ ಮರೆತಿರಲಿಲ್ಲ. ನಾನು ಮೇಲೆ ಹೇಳಿದ ಅರ್ಧ ನಿಜ ಇದೇ. ಶಿಗೆಯೊ ಬದುಕಿದ್ದು ಅವರಿಂದ.

ನಾನು ಅಂಚಿಗೆ ಬಂದು "ಏನೂಂದ್ರೆ" ಅಂದೆ. ತಲೆಯೆತ್ತಿ ನೋಡಿದರು. ಮುಖದಲ್ಲಿ ಗುರುತಿಲ್ಲ. ಊರಿಗೆ ಹೊಸಬಳೊಬ್ಬಳ ಜೊತೆ ಮಾತಾಡುವ ಮರ್ಯಾದೆಯಲ್ಲಿ, "ಇಲ್ಲಿಗೆ ಹೆಂಗಸರು ಬರಬಾರದಮ್ಮ. ಯಾರ ಮನೆಯವರು ನೀವು? ಇಳಿದು ಹೋಗಿ, ನಿಮ್ಮವರು ಕಾಯ್ತಿರ್ತಾರೆ" ಅಂದರು.

ಗಂಡಸರು ಹಗ್ಗ ಇಳಿಬಿಡುತ್ತಿದ್ದರು. ಎಲ್ಲರೂ ಕೇಳಿಸಿಕೊಂಡರು. ಯಾರೂ ನನ್ನ ಕಡೆ ನೋಡಲಿಲ್ಲ.

ಹೊತ್ತು ತರುವಾಗ ಶಿಗೆಯೊ ನನ್ನ ತೋಳು ಹಿಡಿದು ಹತ್ತಿರಕ್ಕೆ ಕರೆದ. "ಅತ್ತಿಗೆ, ಸೇತುವೆ ಇಲ್ಲ ಅಣ್ಣ ಅಂದೆ. 'ಇದೆ ಕಣೋ, ನಡಿ' ಅಂದ್ರು. ಮಂಜಲ್ಲಿ ನನಗೇನೂ ಕಾಣ್ಲಿಲ್ಲ. ಮೂವತ್ತು ವರ್ಷ ಅವರ ಬೆನ್ನು ನೋಡ್ಕೊಂಡೇ ಬೆಟ್ಟ ಹತ್ತಿದೋನು ನಾನು. ಇದೆ ಅಂದ್ರಲ್ಲ, ಕಾಲಿಟ್ಟೆ" ಅಂದ. ಆಮೇಲೆ, "ಮಾಸುಯೆಗೆ ಹೇಳ್ಬೇಡಿ. ಉಚ್ಚೆ ಹೊಯ್ಯಕ್ಕೆ ಹೋಗಿ ಬಿದ್ದೆ ಅಂತೀನಿ. ಅವಳು ಬೈತಾಳೆ, ನಗ್ತಾಳೆ, ಅಲ್ಲಿಗೆ ಮುಗೀತು" ಅಂದ.

ಇನ್ನು ಮುಂದೆ ಅವನು ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂರಲಾರ, ಚಾಕು ಬಡಿಯಲಾರ ಅಂತ ವೈದ್ಯರು ಹೇಳಿದ್ದನ್ನು ನೀನು ಒಂದೇ ಸಾಲಿನಲ್ಲಿ ಬರೆದು, ಮುಂದಿನ ಸಾಲಿನಲ್ಲಿ ಭಾವನಿಗೆ ಶೀತವಾಗಿಲ್ಲ ತಾನೇ ಅಂತ ಕೇಳಿದ್ದೀ. ಆ ಸಾಲು ಓದಿಯೇ ನನಗೆ ಇದನ್ನೆಲ್ಲ ಬರೆಯದೆ ಇರಲಾಗಲಿಲ್ಲ.

ಊರಿಗೆ ಈಗ ಎಲ್ಲ ಗೊತ್ತು. ದೇವಸ್ಥಾನದ ಹಿರಿಯರ ಮುಂದೆ ಹೋಗಿ ಮಂಡಿಯೂರಿದೆ, ಬಾಗಿಲು ದಾಟಿದ್ದಕ್ಕೂ ಬಾಯಿ ಮುಚ್ಚಿಕೊಂಡಿದ್ದಕ್ಕೂ. ಅವರು ಮೊದಲನೆಯದನ್ನು ಕೇಳಿಸಿಕೊಳ್ಳದವರ ಹಾಗೆ ಕಿಟಕಿಯಾಚೆ ನೋಡಿದರು, ಎರಡನೆಯದಕ್ಕೆ ನಿಟ್ಟುಸಿರು ಬಿಟ್ಟರು. ಶಂಖವನ್ನು ಅವರಿಗೇ ಒಪ್ಪಿಸಿ ಬಂದೆ. ಕೂಟಗಳು ಈಗ ಎದುರು ಮನೆಯಲ್ಲಿ ಇಳಿಯುತ್ತಿವೆ. ನಿನ್ನ ಭಾವ ದಿನಾ ಸಂಜೆ ಹೊಸ್ತಿಲಲ್ಲಿ ನಿಂತು ಬೆಟ್ಟ ನೋಡುತ್ತಾರೆ. ನಾನು ಅವರ ಸೊಂಟಪಟ್ಟಿಯ ಹಿಂಬದಿ ಹಿಡಿದು ನಿಂತಿರುತ್ತೇನೆ. ಕೆಲವು ಸಲ ನನ್ನ ಹೆಸರು ಹಿಡಿದು ಕರೆಯುತ್ತಾರೆ. ಕರೆಯದ ದಿನ ನಾನು ಯಾರ ಮನೆಯವಳೋ ಅಂತ ನನಗೇ ಅನುಮಾನ.

ಕ್ಷಮಿಸು ಅಂತ ಕೇಳುವುದಿಲ್ಲ. ಶಿಗೆಯೊನ ಮೇಲೆ ರೇಗಬೇಡ, ಅವನು ಸುಳ್ಳು ಹೇಳಿದ್ದು ನಮ್ಮ ಮಾನಕ್ಕಾಗಿ. ಆಗಸ್ಟಿನಲ್ಲಿ ಹಿರಿಯರ ಹಬ್ಬಕ್ಕೆ ಅಮ್ಮನ ಸಮಾಧಿ ತೊಳೆಯಲು ಬರುತ್ತೇನೆ. ನೀನು ಬರದಿದ್ದರೆ ನಾನೊಬ್ಬಳೇ ತೊಳೆದು ಹೋಗುತ್ತೇನೆ.

ನಿನ್ನ ಅಕ್ಕ
ಶಿಜುನೊ

ಲಕೋಟೆ ಅಂಟಿಸಿ ಮತ್ತೆ ಹರಿದಿದ್ದೇನೆ. ಆ ಬೆಳಿಗ್ಗೆ ಅವರು ಚೆನ್ನಾಗಿದ್ದರು ಅಂತ ಮೇಲೆ ಬರೆದದ್ದು ಸುಳ್ಳು. ಚಪ್ಪಲಿಯ ದಾರ ಕಟ್ಟಿಸಿಕೊಳ್ಳುವಾಗ ನನ್ನ ಕಿವಿಯಲ್ಲಿ, "ಅಪ್ಪ ಎದ್ರಾ?" ಅಂತ ಕೇಳಿದರು. ಮಾವ ತೀರಿಕೊಂಡು ಇಪ್ಪತ್ತೆರಡು ವರ್ಷ. ಹೊರಗೆ ಎಂಟು ಜನ ಕಾಯುತ್ತಿದ್ದರು. "ಆಗಲೇ ಮುಂದೆ ಹೋಗಿದ್ದಾರೆ" ಅಂದೆ. ಖುಷಿಯಿಂದ ಎದ್ದು ಹೊರಟರು. ತಿಂಗಳುಗಟ್ಟಲೆ ರೆಪ್ಪೆ ಮುಚ್ಚದೆ ಅವರನ್ನು ಕಾದಿದ್ದೆ, ಮಾಸುಯೆ. ಆ ಬಾಗಿಲು ದಾಟಿಸಿದರೆ ಒಂದು ಹಗಲಾದರೂ ನಾನು ಹಿಂದೆ ಹೋಗುವಂತಿಲ್ಲವಲ್ಲ. ಅವರು ಬೀದಿ ತಿರುಗಿದ ಮೇಲೆ ಕದ ಹಾಕಿಕೊಂಡು ಮಲಗಿದೆ. ಮಧ್ಯಾಹ್ನ ಒಂದರವರೆಗೂ ಎಚ್ಚರವಾಗಲಿಲ್ಲ. ಅಂಥ ಒಳ್ಳೆಯ ನಿದ್ದೆ ನನಗೆ ಆಮೇಲೆ ಬಂದಿಲ್ಲ.