ಕರಿಗುಡ್ಡದ ಹುಲಿಪಟ್ಟೆಯ ಜರಿ

ಕರಿಗುಡ್ಡದ ನೆಲೆ, ೨೪೮೬ನೆಯ ಇಸವಿ, ನಮ್ಮ ಹೊಸ ಪಂಚಾಂಗದ ಹದಿಮೂರನೆಯ ತಿಂಗಳು, ಏಳನೆಯ ದಿನ

ತುಂಗಭದ್ರೆಯ ಉತ್ತರಕ್ಕೆ, ಈ ಗುಡ್ಡದ ಬುಡದಲ್ಲಿ ಎಂದೋ ಬಾಳಿದ ನಿಮಗೆ ಫಕೀರವ್ವನ ನಮಸ್ಕಾರ. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸೀತು, ಹೊಟ್ಟೆಗೆ ಹಾಕಿಕೊಳ್ಳಿ. ನನಗೆ ಮಾತಾಡುವ ರೂಢಿಯೇ ತಪ್ಪಿದೆ.

ನಾನು ಇಲ್ಲಿನ ಸೀಮೆಗಾರ್ತಿ. ಯಾವ ಜೀವಿ ಎಲ್ಲಿಯವರೆಗೆ ಬದುಕಿದೆಯೆಂದು ನಕ್ಷೆಯಲ್ಲಿ ಗೆರೆ ಎಳೆಯುವವರನ್ನು ನಾವು ಹಾಗೆನ್ನುತ್ತೇವೆ. ಬೆಳಿಗ್ಗೆ ಇಬ್ಬನಿ ಹಿಡಿದಿಟ್ಟ ಬಲೆಯನ್ನು ಹಿಂಡಿ ನೀರು ಮಾಡಿಕೊಳ್ಳುತ್ತೇನೆ, ನವಣೆ ಗಂಜಿ ಕಾಯಿಸುತ್ತೇನೆ, ಆಮೇಲೆ ಸಂಜೆಯವರೆಗೆ ಕಲ್ಲು ಎತ್ತಿ ನೋಡುತ್ತೇನೆ. ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡುವುದು ನಮ್ಮ ಕಸುಬಿನ ಮರ್ಯಾದೆ. ಹೀಗೆ ಒಂದು ಕಲ್ಲಿನಡಿ ದೊಡ್ಡ ಶತಪದಿ ಸಿಕ್ಕಿತು. ನೀವು ಜರಿ ಎನ್ನುತ್ತಿದ್ದಿರಂತೆ. ಗೇಣುದ್ದ, ಮೈಮೇಲೆ ಒಂದು ಪಟ್ಟೆ ಕಪ್ಪು, ಒಂದು ಕಿತ್ತಳೆ, ಪ್ರತಿ ಗಂಟಿಗೆ ಒಂದೇ ಜೊತೆ ಕಾಲು. ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಸಾಧು ಸಹಸ್ರಪದಿಯಲ್ಲ, ತಿರುಗಿ ಕಚ್ಚುವ ಜಾತಿ. ನಕ್ಷೆಯಲ್ಲಿ ಇದರ ಸೀಮೆ ಹೊಳೆಯ ದಕ್ಷಿಣ ದಂಡೆಗೇ ಮುಗಿಯುತ್ತದೆ. ಉತ್ತರದಲ್ಲಿ ಕಂಡವಳು ನಾನೊಬ್ಬಳೇ.

ಒಬ್ಬಳು ಕಂಡರೆ ಸಾಲದು. ಯಾವ ಚಿತ್ರವನ್ನಾದರೂ ಯಂತ್ರವೇ ಹುಟ್ಟಿಸುವ ಕಾಲ ಬಂದ ಮೇಲೆ ಜೋಡಿಗಣ್ಣು ಎಂಬ ಕಟ್ಟಳೆ ಬಂತು: ಇಬ್ಬರು ಮನುಷ್ಯರು ಕಣ್ಣಾರೆ ಕಂಡರಷ್ಟೇ ಸಾಕ್ಷಿ. ಅದಿಲ್ಲದಿದ್ದರೆ ಗುಡ್ಡ ಬರಿದೆಂದು ತೀರ್ಮಾನಿಸಿ ಜಲ್ಲಿಗೆ ಒಡೆಯುತ್ತಾರೆ. ಅದಕ್ಕೇ ಹೊಳೆಯಾಚೆಯ ಸೀಮೆಗಾರ ದ್ಯಾಮಣ್ಣನನ್ನು ಕರೆಸಿದೆ. ಪಾಪ, ಆ ವಯಸ್ಸಿನಲ್ಲಿ ನಡೆದೇ ಬಂದ. ಇಬ್ಬರೂ ಗುಡ್ಡವೆಲ್ಲ ಜಾಲಾಡಿದೆವು, ಅದರ ಸುಳಿವಿಲ್ಲ. ಕಂಡೆನೆಂದು ಒಂದು ಮಾತು ಹೇಳಿಬಿಡಣ್ಣಾ ಎಂದು ಅಂಗಲಾಚಿದೆ.

“ನೋಡಲಾರ್ದ ನೋಡೀನಿ ಅಂತ ಹ್ಯಾಂಗ ಹೇಳ್ಲಿ ತಂಗೀ? ನಾಲಿಗಿ ಹೊಳ್ಳವಲ್ದು,” ಎಂದು ಕಣ್ಣೊರೆಸಿಕೊಂಡು ಹೊರಟುಹೋದ.

ಅವನು ಮಲಗಿದ್ದ ಚಾಪೆ ಎತ್ತಿದೆ. ಅದರಡಿಯಲ್ಲೇ ಇತ್ತು, ಮಹಾರಾಯ! ಕೂಗುತ್ತಾ ಇಳಿಜಾರಿನವರೆಗೂ ಓಡಿದೆ. ಅವನಾಗಲೇ ಹೊಳೆ ದಾಟಿದ್ದ; ಕಿವಿ ಮಂದ, ತಿರುಗಲೇ ಇಲ್ಲ. ಮತ್ತೆ ಕರೆಸುವ ಮೊದಲೇ, ಆ ಮಳೆಗಾಲದಲ್ಲಿ ದ್ಯಾಮಣ್ಣ ತೀರಿಕೊಂಡ. ಈಗ ಈ ಸೀಮೆಯಲ್ಲಿ ನನ್ನನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಒಂಟಿತನ ಸಾಕಾಗಿಹೋಗಿದೆ.

ಕಟ್ಟಳೆಯನ್ನು ಮತ್ತೆ ಮತ್ತೆ ಓದಿದ್ದೇನೆ. ಇಬ್ಬರು ಕಾಣಬೇಕೆಂದಿದೆ, ಇಬ್ಬರೂ ಒಂದೇ ಕಾಲದವರಾಗಿರಬೇಕು ಎಂದಿಲ್ಲ. ಆದ್ದರಿಂದ ನಿಮ್ಮ ಬಚ್ಚಲ ಮೂಲೆಯಲ್ಲಿ ಅದು ಕಂಡರೆ, ಚಪ್ಪಲಿ ಎತ್ತುವ ಮೊದಲು ದಯವಿಟ್ಟು ಒಮ್ಮೆ ಸರಿಯಾಗಿ ನೋಡಿ. ಕಂಡದ್ದನ್ನು ನಿಮ್ಮ ಹೆಸರಿನ ಸಮೇತ ಗುಡ್ಡದ ಯಾವುದಾದರೂ ಬಂಡೆಯ ಮೇಲೆ ಕೆತ್ತಿಡಿ. ಕಾಗದ ಇಷ್ಟು ದೂರ ಬಾಳುವುದಿಲ್ಲ.

ಅಂಥ ಕೆತ್ತನೆ ಈವರೆಗೆ ಸಿಕ್ಕಿಲ್ಲ. ಆದರೂ ಕುಡಿಯುವ ನೀರಿನಲ್ಲೇ ಒಂದಿಷ್ಟು ಉಳಿಸಿ, ದಿನಕ್ಕೊಂದು ಬಂಡೆ ತೊಳೆದು ನಿಮ್ಮ ಹೆಸರು ಹುಡುಕುತ್ತಿದ್ದೇನೆ.