ಪುಸ್ತಕದೊಳಗಿನ ಟಿಕೆಟ್

ರೀ,

ಅನ್ನ ಕುಕ್ಕರ್‌ನಲ್ಲಿದೆ, ಹುಳಿ ಫ್ರಿಜ್ಜಿನಲ್ಲಿದೆ. ಹಪ್ಪಳ ನೀವೇ ಸುಟ್ಟುಕೊಳ್ಳಿ.

ಓದಿ ಅಂತ ನಾನು ಕೊಟ್ಟ ಐತಿಹಾಸಿಕ ಕಾದಂಬರಿಯನ್ನು ನೀವು ತಿಂಗಳುಗಟ್ಟಲೆ ಮುಟ್ಟಲಿಲ್ಲ. “ಸತ್ತ ರಾಜರ ಕಥೆ ಯಾರಿಗೆ ಬೇಕು ಕಣೇ?” ಅಂದಿರಿ. ನಿನ್ನೆ ಆಫೀಸಿನಿಂದ ತಡವಾಗಿ ಬಂದು “ಲೋಕಲ್ ಟ್ರೇನ್ ಲೇಟು ಕಣೇ” ಅಂದಿರಿ. ಪಾಪ ಅಂತ ಬಿಸಿ ದೋಸೆ ಬೇರೆ ಹುಯ್ದು ಕೊಟ್ಟೆ!

ಬೆಳಿಗ್ಗೆ ನಿಮ್ಮ ಬ್ಯಾಗಿನಿಂದ ಡಬ್ಬಿ ತೆಗೆಯುವಾಗ ಅದೇ ಪುಸ್ತಕ ಸಿಕ್ಕಿತು. ಕೋಟೆ ಮುತ್ತಿಗೆಯ ಪುಟದಲ್ಲಿ ಗುರುತಿಗೆ ನಿನ್ನೆಯ ಒಂದು ಟ್ರೇನ್ ಟಿಕೆಟ್: ಕಲ್ಯಾಣ್‌ನಿಂದ ಡೊಂಬಿವಲಿಗೆ. ಓದುತ್ತಾ ಓದುತ್ತಾ ನಮ್ಮ ಡೊಂಬಿವಲಿ ಸ್ಟೇಷನ್ನೇ ದಾಟಿ ಮುಂದಿನ ಕಲ್ಯಾಣ್‌ಗೆ ಹೋಗಿ, ಟಿಕೆಟ್ ತೆಗೆದು ವಾಪಸ್ ಬಂದಿದ್ದೀರಿ. ಗೆದ್ದೆ ಕಣ್ರೀ ನಾನು!

ಎರಡನೇ ಭಾಗ ತರಲು ಕನ್ನಡ ಸಂಘದ ಲೈಬ್ರರಿಗೆ ಹೊರಟಿದ್ದೇನೆ. ಅದು ಇದಕ್ಕಿಂತ ದಪ್ಪ. ಈ ಸಲ ಟ್ರೇನ್ ಪಾಸನ್ನು ಕಲ್ಯಾಣ್‌ವರೆಗೇ ಮಾಡಿಸಿಬಿಡಿ.

ಸಂಯುಕ್ತಾ