ಯುದ್ಧ ಬೇಡವೆಂದವರ ಮೂಲೆ

ಗ್ರೂನ್‌ಬರ್ಗ್, ಅಯೋವಾ
೫ ಮಾರ್ಚ್ ೧೯೭೨

ಪ್ರೀತಿಯ ತಂಗಿ ಮಾರ್ಲಿಸ್,

ನಿನ್ನ ಪತ್ರಗಳಿಗೆ ಉತ್ತರಿಸದೆ ಕೂತಿದ್ದಕ್ಕೆ ಬೈಯಬೇಡ. ಮೊಣಕಾಲು ನೋವು ಹೇಗಿದೆ? ಇಲ್ಲಿ ಹಿಮ ಇನ್ನೂ ಕರಗಿಲ್ಲ. ನಿನ್ನ ಭಾವ ಗೆರ್ಹಾರ್ಡ್ ತಮ್ಮ ಮೇವಿನ ಅಂಗಡಿಗೆ ಹೋಗುತ್ತಾರೆ, ಬರುತ್ತಾರೆ. ಊಟಕ್ಕೆ ಕರೆದರೆ ಬಂದು ಕೂರುತ್ತಾರೆ. ಉಂಡು ಎದ್ದು ಹೋಗುತ್ತಾರೆ.

ಜನವರಿಯಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ನಮ್ಮ ಪಕ್ಷದ ಸಭೆ ನಡೆಯಿತು. ಎಂದಿನಂತೆ ಇವರೇ ಅಧ್ಯಕ್ಷರು. ನೀನಿದ್ದಾಗಿನ ಹಾಗೆ ಕೈಯೆತ್ತಿ ಮುಗಿಸುವುದು ಈಗಿಲ್ಲ. ಯಾರು ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕು ಅನ್ನಿಸುತ್ತದೋ ಅವರ ಮೂಲೆಗೆ ಹೋಗಿ, ಊರಿನವರ ಕಣ್ಣೆದುರೇ ನಿಲ್ಲಬೇಕು. ಗುಂಪು ತೀರ ಚಿಕ್ಕದಾದರೆ ಲೆಕ್ಕಕ್ಕಿಲ್ಲ, ಚದುರಿ ಬೇರೆ ಮೂಲೆ ಸೇರಬೇಕು. ಉಳಿದ ಗುಂಪುಗಳು ಜಿಲ್ಲಾಮಟ್ಟದ ಕೌಂಟಿ ಸಭೆಗೆ ಪ್ರತಿನಿಧಿಗಳನ್ನು ಆರಿಸುತ್ತವೆ. ಹಾಗೇ ಮೇಲೆ ಮೇಲೆ ಆರಿಸುತ್ತ ಹೋಗಿ, ಕೊನೆಗೆ ಕೆಲವರು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಬೇಸಿಗೆಯ ರಾಷ್ಟ್ರ ಸಮಾವೇಶಕ್ಕೆ ಹೋಗುತ್ತಾರೆ.

ನಾನು ದೊಡ್ಡ ಗುಂಪಿನಲ್ಲಿ ಎಲ್ಡಾ ಪಕ್ಕ ನಿಂತಿದ್ದೆ. ಎದುರು ಮನೆಯ ಎಲ್ಡಾ ಕ್ರೂಸ್. ಅವಳ ಮಗ ರೋಜರ್ ವಿಯೆಟ್ನಾಮಿನಿಂದ ಶವದ ಪೆಟ್ಟಿಗೆಯಲ್ಲಿ ಬಂದದ್ದು ನಿನಗೆ ಬರೆದಿದ್ದೆನಲ್ಲ. ಯುದ್ಧ ಬೇಡವೆನ್ನುವ ಅಭ್ಯರ್ಥಿಯ ಕಡೆಯವರು ಬಾಯ್ಲರ್ ಹತ್ತಿರದ ಮೂಲೆಯಲ್ಲಿದ್ದರು: ಶಾಲೆಯ ಟೀಚರ್ ಮಿಸ್ ಪ್ರೂಯಿಟ್, ಪಾದ್ರಿಗಳ ಹೆಂಡತಿ, ಕೆಲವು ರೈತರು.

ಗೆರ್ಹಾರ್ಡ್ ಎಣಿಸಿದರು. "ಒಬ್ಬರು ಕಮ್ಮಿ. ಈ ಗುಂಪು ನಿಲ್ಲಲ್ಲ."

"ಯಾರಾದ್ರೂ ಒಬ್ರು ಬರ್ತೀರಾ?" ಎಂದು ಟೀಚರ್ ಸುತ್ತಲೂ ನೋಡಿದಳು.

ಹಿಂದಿನಿಂದ ಯಾರೋ, "ಕೆನಡಾಕ್ಕೆ ಫೋನ್ ಮಾಡಿ ನೋಡಮ್ಮ, ಅಲ್ಲಿ ನಮ್ಮೂರೋರು ಒಬ್ರು ಇದಾರೆ" ಅಂದರು. ಜನ ನಕ್ಕರು. ಸೇನೆಯ ಕರೆ ಬಂದಾಗ ನಮ್ಮ ಮಗ ಡೇಲ್ ಗಡಿ ದಾಟಿದ್ದು ಯಾರಿಗೆ ಗೊತ್ತಿಲ್ಲ? ಗೆರ್ಹಾರ್ಡ್ ಕೈಯಲ್ಲಿದ್ದ ಕಾಗದದಿಂದ ತಲೆ ಎತ್ತಲಿಲ್ಲ. ನಾನು ಬಾಯ್ಲರ್ ಮೂಲೆಯತ್ತ ಹೊರಟೆ.

ಎಲ್ಡಾ ತೋಳು ಹಿಡಿದಳು. "ಬೇಡ ಕಣೇ ಲಿಯೋನಾ. ನೀನು ಅಲ್ಲಿ ನಿಂತ್ರೆ ನನ್ನ ಮಗ ಸುಮ್‌ಸುಮ್ನೆ ಸತ್ತ ಅಂದ ಹಾಗಾಗುತ್ತೆ."

"ಇನ್ನೊಬ್ರ ಮಗ ಸಾಯೋದು ಬೇಡ ಅಂತ ಅಷ್ಟೇ."

ಅವಳು ಕೈ ಬಿಟ್ಟಳು.

ಗೆರ್ಹಾರ್ಡ್ ಮತ್ತೆ ಎಣಿಸಿದರು. ಗುಂಪು ಉಳಿಯಿತು, ಒಂದು ಸ್ಥಾನವೂ ಸಿಕ್ಕಿತು. "ನೀವೇ ಹೋಗಿ, ತಾಯಿ ಮಾತಾಡಿದ್ರೆ ಕೇಳ್ತಾರೆ" ಎಂದಳು ಟೀಚರ್. "ಪ್ರತಿನಿಧಿ, ಶ್ರೀಮತಿ ಗೆರ್ಹಾರ್ಡ್ ಲುಬೆನ್" ಎಂದು ಇವರು ತಮ್ಮದೇ ಹೆಸರನ್ನು ಯಾರದೋ ಎಂಬಂತೆ ಓದಿದರು. ಕಾರಿನಲ್ಲಿ, "ನಾಳೆ ಅಂಗಡಿ ಬಾಗಿಲು ತೆಗೀಬೇಕಲ್ಲ ನಾನು" ಅಂದರು, ಅಷ್ಟೇ. ಈಗ ಅರ್ಧ ಗಿರಾಕಿಗಳು ಪಕ್ಕದೂರಿಗೆ ಹೋಗುತ್ತಿದ್ದಾರೆ.

ಫೆಬ್ರವರಿಯ ಕೌಂಟಿ ಸಭೆಯಲ್ಲಿ ಮಾತಾಡಲು ನನ್ನನ್ನು ಯಾರೂ ಕರೆಯಲಿಲ್ಲ. ಅಲ್ಲಿ ನಮ್ಮವರೇ ಸಾಲದೆ ಗುಂಪು ಬಿದ್ದುಹೋಯಿತು. ನಗರದಿಂದ ಬಂದಿದ್ದ ನಮ್ಮ ಕಡೆಯ ವಕೀಲ, "ಪಕ್ಕದ ಗುಂಪಿಗೆ ಸೇರ್ಕೊಳ್ಳಿ, ನಿಮ್ಮನ್ನೂ ಮೇಲಕ್ಕೆ ಕಳಿಸ್ತಾರೆ" ಅಂದ.

"ಅವರ ಅಭ್ಯರ್ಥಿ ಯುದ್ಧದ ಬಗ್ಗೆ ಏನಂತಾನೆ?"

"ಅದನ್ನ ಆಮೇಲೆ ನೋಡ್ಕೊಳ್ಳೋಣ."

ಉಳಿದವರೆಲ್ಲ ಹೋದರು, ಟೀಚರ್ ಕೂಡ. ಅವಳು ಹೋಗುವಾಗ ನನ್ನ ಮುಖ ನೋಡಲಿಲ್ಲ. ನಾನು ಕೋಟು ಹಾಕಿಕೊಂಡು ಬೆಂಚಿನ ಮೇಲೆ ಕೂತೆ. ನಮ್ಮೂರಿನಿಂದ ಯುದ್ಧ ಬೇಡವೆನ್ನಲು ಇನ್ನು ಯಾರೂ ಮೇಲಕ್ಕೆ ಹೋಗುವುದಿಲ್ಲ.

ನೀನು ಬೆಚ್ಚಗಿರು, ಮೆಟ್ಟಿಲು ನಿಧಾನಕ್ಕೆ ಹತ್ತಿಳಿ. ದೇವರು ನಿನ್ನ ಮನೆಯನ್ನು ಕಾಯಲಿ.

ನಿನ್ನ ಅಕ್ಕ,
ಲಿಯೋನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಕೌಂಟಿ ಸಭೆಯ ಬಾಗಿಲಲ್ಲಿ ಎಲ್ಡಾ ಸಿಕ್ಕಳು. ಅವಳೂ ಪ್ರತಿನಿಧಿ, ನಮ್ಮೂರಿನ ದೊಡ್ಡ ಗುಂಪಿನ ಕಡೆಯಿಂದ. ಜಗಳಕ್ಕೆ ಬಂದವಳ ದನಿಯಲ್ಲ ಅದು, ಮೆತ್ತಗೆ ಹೇಳಿದಳು: "ಡೇಲ್ ಓಡಿಹೋದ ತಿಂಗಳು ಸೇನೆಗೆ ನಮ್ಮ ಕೌಂಟಿ ಕೊಡಬೇಕಾದ ಲೆಕ್ಕದಲ್ಲಿ ಒಬ್ಬ ಹುಡುಗ ಕಮ್ಮಿ ಬಿದ್ದ. ಆ ಜಾಗಕ್ಕೆ ರೋಜರ್‌ನ ಕರೆದ್ರು. ನಿನ್ನ ಗಂಡನಿಗೆ ಆವಾಗ್ಲೇ ಹೇಳಿದ್ದೆ. ನಿನಗೆ ಹೇಳ್ಬೇಡ ಅಂತ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು." ಇದನ್ನು ಒಳಗಿಟ್ಟುಕೊಂಡೇ ಅವಳು ಇಷ್ಟು ದಿನ ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಿದ್ದಾಳೆ. ಡೇಲ್‌ಗೆ ಪ್ರತಿ ಪತ್ರದಲ್ಲೂ "ನೀನು ಹೋದದ್ದೇ ಒಳ್ಳೆಯದಾಯಿತು ಮಗನೇ" ಎಂದು ಬರೆಯುತ್ತಿದ್ದೆ. ಈಗ ಆ ಸಾಲು ಬರೆಯಲಾಗುತ್ತಿಲ್ಲ. ಬರೆಯದೆ ಬಿಟ್ಟರೆ ಅವನು ಯಾಕೆಂದು ಕೇಳುತ್ತಾನೆ.